ಲ್ಯೂಕ್ ಒಳ್ಳೆಯ ಗಂಡನೇ? ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಓದಿದವರು ಹೇಳಿ

ಕಾವೇರಿತೀರ

ಮಾರ್ಗರೆಟ್ ಆಟ್‌ವುಡ್ 1985ರಲ್ಲಿ ಬರೆದ ಈ ಕಾದಂಬರಿಯ ಹೆಸರೆತ್ತಿದರೆ ಎಲ್ಲರಿಗೂ ನೆನಪಾಗುವುದು ಕೆಂಪು ನಿಲುವಂಗಿ, ಮುಖ ಮರೆಮಾಡುವ ಬಿಳಿ ಟೋಪಿ, ಗೋಡೆಗೆ ನೇತುಹಾಕಿದ ಹೆಣಗಳು. 2017ರಲ್ಲಿ ಸೀರೀಸ್ ಬಂದ ಮೇಲಂತೂ ಆ ಚಿತ್ರಗಳೇ ಪುಸ್ತಕವನ್ನು ನುಂಗಿಬಿಟ್ಟಿವೆ. ನನ್ನ ಮಟ್ಟಿಗೆ ಇಡೀ ಪುಸ್ತಕದ ಅತಿ ಭಯಂಕರ ಭಾಗದಲ್ಲಿ ಒಂದು ಹನಿ ರಕ್ತವೂ ಇಲ್ಲ.

ಗಿಲಿಯಡ್ ಎಂದರೆ ಕಾದಂಬರಿಯಲ್ಲಿ ಅಮೆರಿಕದ ಜಾಗದಲ್ಲಿ ಏಳುವ ಧಾರ್ಮಿಕ ಸರ್ವಾಧಿಕಾರ; ಅಲ್ಲಿ ಕೆಂಪು ನಿಲುವಂಗಿಯ ‘ಹ್ಯಾಂಡ್‌ಮೇಡ್’ಗಳು ಕಮಾಂಡರ್ ಎಂಬ ದೊಡ್ಡ ಅಧಿಕಾರಿಗಳಿಗೆ ಮಕ್ಕಳನ್ನು ಹೆತ್ತುಕೊಡಬೇಕು. ನಾನು ಹೇಳುವ ಭಾಗ ಆ ಗಿಲಿಯಡ್ ಇನ್ನೂ ಹುಟ್ಟುತ್ತಿರುವ ದಿನಗಳ ಕಥೆ. ಅಮೆರಿಕದ ಅಧ್ಯಕ್ಷನನ್ನು ಕೊಂದಿದ್ದಾರೆ, ಸಂಸತ್ತಿನ ಮೇಲೆ ಗುಂಡಿನ ಮಳೆಗರೆದಿದ್ದಾರೆ, ಸಂವಿಧಾನವನ್ನು ಸದ್ಯಕ್ಕೆ ಅಮಾನತಿನಲ್ಲಿ ಇಟ್ಟಿದ್ದೇವೆ ಎಂದು ಹೇಳಿದ್ದಾರೆ. ಜನ ದಂಗೆಯೇಳದೆ ಮನೆಯಲ್ಲಿ ಕೂತು ಟೀವಿ ನೋಡುತ್ತಾರೆ. ಕಥೆ ಹೇಳುವವಳು ಮುಂದೆ ಹ್ಯಾಂಡ್‌ಮೇಡ್ ಆಗುವವಳು, ಆಗಿನ್ನೂ ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಂಗಸು. ಒಂದು ಬೆಳಿಗ್ಗೆ ಸಿಗರೇಟು ಕೊಳ್ಳಲು ಹೋದರೆ ಅಂಗಡಿಯಲ್ಲಿ ಯಾವತ್ತಿನ ಹೆಂಗಸಿಲ್ಲ, ಯಾವನೋ ಗಂಡಸು ನಿಂತಿದ್ದಾನೆ. ಇವಳ ಕಾರ್ಡಿನ ನಂಬರ್ ನಡೆಯುವುದಿಲ್ಲ. ಮಧ್ಯಾಹ್ನ ಗ್ರಂಥಾಲಯದ ಮುಖ್ಯಸ್ಥ ಬಂದು ಹೆಂಗಸರೆಲ್ಲ ಹೊರಡಬೇಕು ಎನ್ನುತ್ತಾನೆ. ಹೊರಗೆ ಬಂದೂಕು ಹಿಡಿದವರು ನಿಂತಿದ್ದಾರೆ. ಮನೆಗೆ ಬಂದ ಮೇಲೆ ಗೆಳತಿ ಮೊಯ್ರಾ ವಿಷಯ ತಿಳಿಸುತ್ತಾಳೆ: ಹೆಣ್ಣುಮಕ್ಕಳ ಖಾತೆಗಳೆಲ್ಲ ಮುಚ್ಚಿವೆ, ಆಸ್ತಿ ಇಟ್ಟುಕೊಳ್ಳುವ ಹಕ್ಕೂ ಇಲ್ಲ. ಹಣ ಗಂಡನ ಕೈಗೆ, ಗಂಡ ಇಲ್ಲದಿದ್ದರೆ ಹತ್ತಿರದ ಗಂಡು ನೆಂಟನ ಕೈಗೆ.

ಸಂಜೆ ಗಂಡ ಲ್ಯೂಕ್ ಬರುತ್ತಾನೆ. ಕೆಟ್ಟವನಲ್ಲ, ಹೊಡೆಯುವವನಲ್ಲ, ಅವಳನ್ನು ಪ್ರೀತಿಸುವವನು. ಹೋದದ್ದು ಬರೀ ಒಂದು ಕೆಲಸ, ನಿನ್ನನ್ನು ನಾನು ಯಾವಾಗಲೂ ನೋಡಿಕೊಳ್ಳುತ್ತೇನೆ ಎಂದು ಸಮಾಧಾನ ಮಾಡುತ್ತಾನೆ. ರಾತ್ರಿ ಪಕ್ಕದಲ್ಲಿ ಮಲಗಿದಾಗ ಅವಳಿಗೆ ಹೊಳೆಯುತ್ತದೆ: ಇವನಿಗೆ ಇದರಿಂದ ಅಂಥ ಬೇಸರವೇನೂ ಆಗಿಲ್ಲ, ಬಹುಶಃ ಹಿಡಿಸಿಯೂ ಇದೆ. ನಿನ್ನೆಯವರೆಗೆ ನಾವು ಒಬ್ಬರಿಗೊಬ್ಬರು, ಇವತ್ತಿನಿಂದ ನಾನು ಇವನವಳು. ಆ ಅನುಮಾನವನ್ನು ಅವಳು ಕೊನೆಗೂ ಅವನ ಹತ್ತಿರ ಕೇಳಿ ಬಗೆಹರಿಸಿಕೊಳ್ಳಲಾಗುವುದಿಲ್ಲ.

ಡಿಸ್ಟೋಪಿಯನ್ ಕಾದಂಬರಿಗಳಲ್ಲಿ, ಅಂದರೆ ದುಃಸ್ವಪ್ನದಂಥ ಸಮಾಜವನ್ನು ಕಲ್ಪಿಸುವ ಕಾದಂಬರಿಗಳಲ್ಲಿ, ಹೆಣ್ಣಿನ ಸ್ವಾತಂತ್ರ್ಯದ ಬಗ್ಗೆ ಇಷ್ಟು ನಿಜವಾದ ಪುಟಗಳನ್ನು ನಾನು ಬೇರೆಲ್ಲೂ ಓದಿಲ್ಲ. ನಿಮಗೆ ಏನನ್ನಿಸುತ್ತದೆ? ಲ್ಯೂಕ್‌ನದು ತಪ್ಪೇ?

ಧಾರವಾಡದ ಓದುಗ

ಮೇಡಂ, ಆ ಅಧ್ಯಾಯ ಭಾಳ ಛಲೋ ಹಿಡದೀರಿ. ಆದ್ರ ಲ್ಯೂಕ್ ಏನ್ ಮಾಡಬೇಕಿತ್ತು ಅನ್ನೂದನ್ನೂ ನೀವ ಹೇಳ್ರಿ. ಕಾನೂನು ಮಾಡಿದಾಂವ ಅವನಲ್ಲ. ಮುಂದ ಹೆಂಡತಿ, ಮಗಳನ್ನ ಕರಕೊಂಡು ಸುಳ್ಳು ಪಾಸ್‌ಪೋರ್ಟ್ ಮಾಡಿಸಿ ಕೆನಡಾಕ್ಕ ಓಡಿಹೋಗಲಿಕ್ಕೆ ನೋಡ್ತಾನ. ಸಿಕ್ಕಿಬಿದ್ದ ಮ್ಯಾಲೆ ಅಂವ ಸತ್ತನೋ ಬದುಕಿದನೋ ಅನ್ನೂದೂ ಗೊತ್ತಿಲ್ಲ. ಅಂಥಾವ್ನ ಮ್ಯಾಲೆ ತಪ್ಪು ಹೊರಿಸೂದು ನ್ಯಾಯ ಅಲ್ಲ ಅಂತ ನನಗ ಅನಸ್ತದ. ಹೆಂಡತಿ ಗಾಬರಿ ಆದಾಗ ಗಂಡ ಇನ್ನೇನ್ ಅಂದಾನು? ‘ನಾನದೀನಿ’ ಅಂತಾನ ಅಂತಾನ.

ಕಾವೇರಿತೀರ

ಸರ್, ಓಡಿಹೋದದ್ದು ನಿಜ, ಅದು ಪ್ರೀತಿಯೇ. ನಾನು ಕೇಳುತ್ತಿರುವುದು ಮೊದಲನೆಯ ದಿನದ ಬಗ್ಗೆ. ಅವಳ ಹಣ ಅವನ ಹೆಸರಿಗೆ ಬಂದ ದಿನ ಅವನಿಗೆ ಸಿಟ್ಟು ಬರಲಿಲ್ಲ. ಅವಳು ಕಳೆದುಕೊಂಡದ್ದು ಅವನ ಕಣ್ಣಿಗೆ ‘ಬರೀ ಒಂದು ಕೆಲಸ’ವಾಗಿ ಕಂಡಿತು.

ಕೌಂಟರ್ ಆಚೆ

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಈ ಭಾಗ ಓದುವಾಗ ಕೈ ತಣ್ಣಗಾಯಿತು. 1985ರಲ್ಲಿ ಆಟ್‌ವುಡ್ ಬರೆದದ್ದು ಕಾಗದದ ದುಡ್ಡು ಹೋಗಿ ಎಲ್ಲವೂ ಕಂಪ್ಯೂಟರಿನ ನಂಬರ್ ಆಗಿರುವ ಲೋಕ. ಅದಕ್ಕೇ ಅಲ್ಲಿ ಒಂದೇ ದಿನದಲ್ಲಿ ದೇಶದ ಅರ್ಧ ಜನರ ಹಣ ನಿಲ್ಲಿಸಲು ಸಾಧ್ಯವಾಗುತ್ತದೆ. ನೋಟು ಸೆರಗಿನ ಗಂಟಿನಲ್ಲಿದ್ದರೆ ಮನೆಮನೆಗೆ ಹೋಗಿ ಬಿಚ್ಚಿಸಬೇಕಿತ್ತು.

ಹೆಂಗಸಿನ ಹೆಸರಿನಲ್ಲಿ ಖಾತೆ ಇರುವುದು ತೀರಾ ಈಚಿನ ಸಂಗತಿ ಎಂಬುದನ್ನೂ ನೆನಪಿಡಬೇಕು. ಫ್ರಾನ್ಸಿನಲ್ಲಿ ಗಂಡನ ಒಪ್ಪಿಗೆ ಇಲ್ಲದೆ ಮದುವೆಯಾದ ಹೆಂಗಸು ಖಾತೆ ತೆರೆಯಬಹುದು ಎಂದಾದದ್ದು 1965ರಲ್ಲಿ. ಸಾಲ, ಕ್ರೆಡಿಟ್ ಕಾರ್ಡ್ ಕೊಡುವಾಗ ಹೆಣ್ಣು ಅಥವಾ ಮದುವೆಯಾದವಳು ಎಂಬ ಕಾರಣಕ್ಕೆ ಭೇದ ಮಾಡಬಾರದು ಎಂದು ಅಮೆರಿಕದಲ್ಲಿ ಕಾನೂನು ಬಂದದ್ದು 1974ರಲ್ಲಿ. ಕಾದಂಬರಿಗೆ ಬರೀ 11 ವರ್ಷ ಮೊದಲು. ಹಾಗಾಗಿ ಗಿಲಿಯಡ್ ಹೊಸದೇನನ್ನೂ ತರಲಿಲ್ಲ, ಆಗಷ್ಟೇ ಕೊಟ್ಟದ್ದನ್ನು ವಾಪಸ್ ತೆಗೆದುಕೊಂಡಿತು.

ನಮ್ಮಲ್ಲಿ ಗೃಹಲಕ್ಷ್ಮಿ ಹಣ 2023ರಿಂದ ಹೆಂಗಸರ ಖಾತೆಗೇ ಬರುತ್ತಿದೆ. ಅದು ಬಂದ ದಿನ ಕೌಂಟರಿನ ಮುಂದೆ ನಿಲ್ಲುವವರ ಮುಖ ನೋಡಿದ್ದೇನೆ, ಅದರ ಬೆಲೆ ನನಗೆ ಗೊತ್ತು. ಆದರೆ ಕೆಲವರ ಖಾತೆಗೆ ಜೋಡಿಸಿರುವುದು ಗಂಡನ ಮೊಬೈಲ್ ನಂಬರ್, ಇಲ್ಲವೇ ಮಗನದು. ಮೆಸೇಜ್ ಅವರಿಗೆ, ಓಟಿಪಿ ಅವರಿಗೆ. ಪಾಸ್‌ಬುಕ್ ಮಾತ್ರ ಇವರಿಗೆ. ‘ನಿಮ್ಮದೇ ನಂಬರ್ ಹಾಕಲಾ ಅಮ್ಮಾ?’ ಎಂದು ಕೇಳಿದರೆ ‘ಅವರೇ ನೋಡ್ಕೋತಾರೆ ಬಿಡಿ’ ಎನ್ನುತ್ತಾರೆ. ಲ್ಯೂಕ್ ಹೇಳಿದ ಮಾತೇ ಇದು.

ಬೆಳಗಾವಿಯಾಕಿ

ಒಳ್ಳೆ ಗಂಡ ಇದ್ದರ ಸಾಕಾಗ್ತದೇನು ಅನ್ನೂದಕ್ಕ ನಮ್ಮ ಊರಿನದೇ ಒಂದು ಉತ್ತರ ಅದ.

ಸವಿತಾ ಹಾಲಪ್ಪನವರ ಬೆಳಗಾವಿ ಹೆಣ್ಣುಮಗಳು, ಹಲ್ಲಿನ ಡಾಕ್ಟರ್. ಐರ್ಲೆಂಡಿನ ಗಾಲ್ವೇದೊಳಗ ಗಂಡನ ಜೋಡಿ ಇದ್ದರು. 2012ರ ಅಕ್ಟೋಬರ್‌ದಾಗ 17 ವಾರದ ಬಸುರಿ ಇದ್ದಾಗ ಗರ್ಭ ನಿಲ್ಲೂದಿಲ್ಲ ಅಂತ ಗೊತ್ತಾತು. ತಗೀರಿ ಅಂತ ಅವರ ಕೇಳಿದರು, ಗಂಡನೂ ಬೇಡಿಕೊಂಡರು. ಕೂಸಿನ ಎದಿಬಡಿತ ಇನ್ನೂ ಅದ, ಇಲ್ಲಿ ಕಾನೂನು ಬಿಡೂದಿಲ್ಲ ಅಂದರು. ನಂಜೇರಿ ಅಕ್ಟೋಬರ್ 28ಕ್ಕ ತೀರಿಕೊಂಡರು. ವಯಸ್ಸು 31. ಇದೇ ಸ್ಥಿತಿ ಬೆಳಗಾವಿಯಾಗ ಆಗಿದ್ದರ, 1971ರ ನಮ್ಮ ಕಾನೂನಿನ ಪ್ರಕಾರ ಅವರ ಜೀವ ಉಳಸಲಿಕ್ಕೆ ಡಾಕ್ಟರಿಗೆ ಯಾವ ಅಡ್ಡೀನೂ ಇರಲಿಲ್ಲ.

ಗಂಡ ಪಕ್ಕದಾಗ ನಿಂತು ಬೇಡಿಕೊಂಡರೂ ಏನೂ ನಡೀಲಿಲ್ಲ. ಕಾನೂನು ಆಕಿ ಮಾತನ್ನ ಲೆಕ್ಕಕ್ಕ ಹಿಡೀದಿದ್ದರ, ಆಕಿ ಪರವಾಗಿ ಮಾತಾಡೋ ಗಂಡಸಿನ ಮಾತೂ ಅಷ್ಟ.

2018ರ ಮೇ 25ಕ್ಕ ಐರ್ಲೆಂಡಿನ ಜನ ಗರ್ಭಪಾತಕ್ಕ ಅಡ್ಡಿಯಾಗಿದ್ದ ಸಂವಿಧಾನದ ತಿದ್ದುಪಡಿ ತಗದುಹಾಕಲಿಕ್ಕೆ ಶೇ 66ಕ್ಕಿಂತ ಹೆಚ್ಚು ಮತ ಕೊಟ್ಟರು. ಅದಕ್ಕಿಂತ ಮೊದಲು ಬೆಳಗಾವಿಯಿಂದ ಅವರ ತಂದಿ ಅಲ್ಲಿ ಮತದಾರರಿಗೆ ಮನವಿ ಮಾಡಿಕೊಂಡಿದ್ದರು. ಡಬ್ಲಿನ್‌ದಾಗ ಒಂದು ಗೋಡಿ ಮ್ಯಾಲೆ ಸವಿತಾ ಅವರ ಮುಖ ಬಿಡಿಸಿದ್ದರು, ಮತ ಹಾಕಿದ ಮಂದಿ ಬಂದು ಚೀಟಿ ಬರದು ಅಂಟಿಸಿ ಹೋದರು, ಭಾಳ ಚೀಟಿಯೊಳಗ ಕ್ಷಮಿಸು ಅಂತ ಇತ್ತು. ಗಿಲಿಯಡ್ ಕಲ್ಪನಾ ಅಂತ ಯಾರರ ಅಂದರ ನನಗ ತಡಕೊಳ್ಳಲಿಕ್ಕೆ ಆಗೂದಿಲ್ಲ.

ತುಂಗಾ ಬದಿ

ಬೆಳಗಾವಿಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎಲ್ಲಾದರೂ ಒಮ್ಮೆ ಮನುಷ್ಯರು ಮಾಡಿರದ ಯಾವುದನ್ನೂ ಈ ಪುಸ್ತಕಕ್ಕೆ ತರುವುದಿಲ್ಲ ಎಂದು ಆಟ್‌ವುಡ್ ತನಗೆ ತಾನೇ ನಿಯಮ ಹಾಕಿಕೊಂಡಿದ್ದರು. ಬರೆಯಲು ಕೂತದ್ದು 1984ರಲ್ಲಿ, ಇನ್ನೂ ಗೋಡೆ ಇದ್ದ ಪಶ್ಚಿಮ ಬರ್ಲಿನ್‌ನಲ್ಲಿ. ಆಗ ಅಲ್ಲಿಂದ ಬಹಳ ದೂರವಲ್ಲದ ರೊಮೇನಿಯಾದಲ್ಲಿ ಚೌಷೆಸ್ಕು ಸರ್ಕಾರ ಹೆಂಗಸರ ಬಸಿರನ್ನು ರಾಷ್ಟ್ರದ ಆಸ್ತಿ ಮಾಡಿಕೊಂಡಿತ್ತು.

1966ರ ಅಕ್ಟೋಬರಿನಲ್ಲಿ 770ನೆಯ ಆದೇಶ ಬಂತು. ಕೆಲವೇ ವಿನಾಯಿತಿ ಬಿಟ್ಟು ಗರ್ಭಪಾತ ಅಪರಾಧವಾಯಿತು, ಗರ್ಭನಿರೋಧಕಗಳು ಸಿಗದಂತಾದವು. ಮರುವರ್ಷ ಹೆರಿಗೆಗಳ ಸಂಖ್ಯೆ ಸುಮಾರು ಎರಡು ಪಟ್ಟಾಯಿತು. ಮಕ್ಕಳಿಲ್ಲದವರಿಗೆ 25 ದಾಟಿದರೆ ತೆರಿಗೆ. 80ರ ದಶಕದಲ್ಲಿ ಕಾರ್ಖಾನೆಗಳಿಗೇ ವೈದ್ಯರು ಬಂದು ಕೆಲಸದ ಹೆಂಗಸರನ್ನು ಪರೀಕ್ಷಿಸುತ್ತಿದ್ದರು, ಬಸಿರಾದವಳ ಮೇಲೆ ಹೆರಿಗೆಯವರೆಗೆ ಕಣ್ಣಿಡುತ್ತಿದ್ದರು. ಕದ್ದು ಮಾಡಿಸಿಕೊಂಡ ಗರ್ಭಪಾತಗಳಿಂದ ಸತ್ತ ಹೆಂಗಸರು ಸುಮಾರು 10,000 ಎಂಬ ಅಂದಾಜಿದೆ. 1989ರ ಡಿಸೆಂಬರಿನಲ್ಲಿ ಚೌಷೆಸ್ಕು ಬಿದ್ದಾಗ ಹೊಸ ಸರ್ಕಾರ ಮೊದಲ ದಿನಗಳಲ್ಲೇ ರದ್ದು ಮಾಡಿದ ಕಾನೂನುಗಳಲ್ಲಿ ಇದೂ ಒಂದು. ಜನ ಎಷ್ಟು ಕಾಲದಿಂದ ಹಲ್ಲುಕಚ್ಚಿಕೊಂಡಿದ್ದರು ಎಂಬುದಕ್ಕೆ ಬೇರೆ ಪುರಾವೆ ಬೇಡ. ಕಾದಂಬರಿಯ ಕೊನೆಯ ಭಾಗದಲ್ಲಿ ರೊಮೇನಿಯಾದ ಹೆಸರೇ ಬರುತ್ತದೆ.

ಅರ್ಜೆಂಟೀನಾ ಇನ್ನೊಂದು. 1976ರಿಂದ 1983ರವರೆಗಿನ ಸೈನಿಕ ಆಡಳಿತ ಬಂಧಿಸಿದ ಬಸುರಿಯರ ಮಕ್ಕಳನ್ನು ಹೆರಿಗೆಯಾದ ಮೇಲೆ ಕಿತ್ತುಕೊಂಡು ಆಡಳಿತದವರ ಮನೆಗಳಿಗೆ ಕೊಟ್ಟಿತು. ಆ ಮಕ್ಕಳನ್ನು ಹುಡುಕಲು ಅಜ್ಜಿಯರು 1977ರಲ್ಲಿ ಕಟ್ಟಿದ ಸಂಘಟನೆ ಈಗಲೂ ಹುಡುಕುತ್ತಲೇ ಇದೆ.

ನೇತ್ರಾವತಿ

ಗಂಡಸರ ಬಗ್ಗೆಯೇ ಮಾತಾಡ್ತಾ ಇದ್ದೀರಲ್ಲ ಮಾರ್ರೆ, ಆಂಟ್ ಲಿಡಿಯಾಳನ್ನು ಯಾರೂ ಎತ್ತಲಿಲ್ಲ. ಕೆಂಪು ಬಟ್ಟೆಯ ಹೆಣ್ಣುಗಳನ್ನು ಪಳಗಿಸುವುದು ಹೆಂಗಸರೇ. ಕೈಯಲ್ಲಿ ದನ ಅಟ್ಟುವ ವಿದ್ಯುತ್ ಕೋಲು. ಬಂದೂಕು ಅವರಿಗೂ ಇಲ್ಲ, ಅದು ಗಂಡಸರಿಗೆ ಮಾತ್ರ. ಬದಲಿಗೆ ಓದಲಿಕ್ಕೆ ಬರೆಯಲಿಕ್ಕೆ ಅಪ್ಪಣೆ ಉಂಟು. ಬೇರೆ ಹೆಂಗಸರಿಗೆ ಅಂಗಡಿಯ ಬೋರ್ಡಿನಲ್ಲಿ ಅಕ್ಷರ ಕೂಡ ಇಲ್ಲ, ಚಿತ್ರ ಮಾತ್ರ. ಒಂದು ಚೂರು ಅಧಿಕಾರಕ್ಕೆ ಎಷ್ಟು ಬೇಕಾದರೂ ಕೆಲಸ ಮಾಡಿಸಿಕೊಳ್ಳಬಹುದು ಅಂತ ಗಿಲಿಯಡ್‌ಗೆ ಗೊತ್ತಿತ್ತು.

ಅದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದವಳು ಕಮಾಂಡರನ ಹೆಂಡತಿ ಸೆರೀನಾ ಜಾಯ್. ಹಿಂದೆ ಟೀವಿಯಲ್ಲಿ ಹಾಡಿದವಳು, ಆಮೇಲೆ ಊರೂರು ತಿರುಗಿ ಹೆಂಗಸರು ಮನೆಯಲ್ಲೇ ಇರಬೇಕು ಅಂತ ಭಾಷಣ ಮಾಡಿದವಳು. ತಾನು ಮಾತ್ರ ಮನೆಯಲ್ಲಿ ಇರಲಿಲ್ಲ. ಗಿಲಿಯಡ್ ಬಂದ ಮೇಲೆ ಅವಳಿಗೆ ಭಾಷಣ ಇಲ್ಲ, ತೋಟ ಉಂಟು, ಹೆಣೆಯಲಿಕ್ಕೆ ಉಣ್ಣೆ ಉಂಟು, ಗಂಡನ ಮಗು ಹೆರಲಿಕ್ಕೆ ಇನ್ನೊಬ್ಬಳನ್ನು ತನ್ನ ಹಾಸಿಗೆಯ ಮೇಲೇ ಹಿಡಿದುಕೊಳ್ಳುವ ಕರ್ಮ ಉಂಟು. ಅವಳ ಮಾತನ್ನೇ ಅಕ್ಷರಶಃ ನಡೆಸಿಕೊಟ್ಟರು. ನನಗೆ ಅವಳ ಮೇಲೆ ಸಿಟ್ಟಿಗಿಂತ ಮರುಕ ಜಾಸ್ತಿ. ಆ ಮರುಕಕ್ಕೆ ನನ್ನ ಮನಸ್ಸಿನಲ್ಲೇ ವಿರೋಧವೂ ಉಂಟು.

ಹಂಪಿ ರಸ್ತೆ

ಒಂದು ತಕರಾರು. ಈ ಕಾದಂಬರಿಯಲ್ಲಿ ಬಿಳಿಯ, ಓದಿದ, ಮಧ್ಯಮ ವರ್ಗದ ಹೆಂಗಸಿಗೆ ಆಗುವುದೆಲ್ಲ ಅಮೆರಿಕದ ಕಪ್ಪು ಹೆಂಗಸರಿಗೆ ಅದಾಗಲೇ ಆಗಿತ್ತು. ಒಡೆಯನ ಹೆಸರಿನಿಂದ ಕರೆಸಿಕೊಳ್ಳುವುದು, ಓದಿದರೆ ಶಿಕ್ಷೆ, ಹೆತ್ತ ಮಗು ತನ್ನದಲ್ಲ, ಓಡಿಹೋಗಲು ಕೆನಡಾದವರೆಗಿನ ಗುಪ್ತ ದಾರಿ. ಇದೆಲ್ಲ ಗುಲಾಮಗಿರಿಯ ಚರಿತ್ರೆ. ಪುಸ್ತಕದಲ್ಲಿ ಕಪ್ಪು ಜನರಿಗೆ ಸಿಗುವ ಜಾಗವೋ, ಅವರನ್ನು ಉತ್ತರ ಡಕೋಟಾಕ್ಕೆ ಸಾಗಿಸುತ್ತಿದ್ದಾರೆ ಎಂಬ ಟೀವಿ ಸುದ್ದಿಯಷ್ಟೇ. ಸೀರೀಸ್ ಆ ಎಳೆಯನ್ನು ಬಿಟ್ಟು ಮೊಯ್ರಾ ಪಾತ್ರಕ್ಕೆ ಕಪ್ಪು ನಟಿಯನ್ನು ತಂದಿತು, ಆದರೆ ಜನಾಂಗದ ಪ್ರಶ್ನೆಯನ್ನು ಮುಟ್ಟಲಿಲ್ಲ. ಇದನ್ನು ಎದುರಿಗೆ ನಿಂತು ನೋಡಬೇಕೆಂದರೆ ಆಕ್ಟೇವಿಯಾ ಬಟ್ಲರ್ ಓದಿ. 1979ರ ‘ಕಿಂಡ್ರೆಡ್’ನಲ್ಲಿ ಡೇನಾ ಎಂಬ ಕಪ್ಪು ಲೇಖಕಿ ತನ್ನ ಕಾಲದಿಂದ ಹಿಂದಕ್ಕೆ ಸೆಳೆಯಲ್ಪಟ್ಟು ಮೇರಿಲ್ಯಾಂಡಿನ ತೋಟದ ಒಡೆಯರ ಮನೆಯಲ್ಲಿ ಬೀಳುತ್ತಾಳೆ. ಅವಳ ಗಂಡ ಕೆವಿನ್ ಬಿಳಿಯ. ಅವನೂ ಅವಳ ಜೊತೆ ಹೋಗುತ್ತಾನೆ. ಅವಳನ್ನು ಅಲ್ಲಿ ಕಾಪಾಡಬೇಕಾದರೆ ಅವಳ ಒಡೆಯನೆಂದು ನಟಿಸಬೇಕಾಗುತ್ತದೆ. ಲ್ಯೂಕ್ ಬಗ್ಗೆ ಕೇಳುವವರು ಕೆವಿನ್ ಬಗ್ಗೆಯೂ ಯೋಚಿಸಿ.

ನಮ್ಮ ಕಡೆಯ ಮಾತೂ ಹೇಳಬೇಕು. ಧರ್ಮಗ್ರಂಥದ ಸಾಲು ಓದಿ, ಅದೇ ಸಾಲಿನ ಬಲದಿಂದ ಹೆಣ್ಣಿನ ಮೈಯನ್ನು ಗಂಡಸಿಗೆ ಒಪ್ಪಿಸುವುದು ಗಿಲಿಯಡ್‌ನ ಆಚರಣೆ. ಮುತ್ತು ಕಟ್ಟಿ ಹುಡುಗಿಯನ್ನು ಎಲ್ಲಮ್ಮನ ಹೆಸರಿಗೆ ಬಿಟ್ಟ ಊರುಗಳ ಪಕ್ಕದಲ್ಲಿ ಬೆಳೆದವನು ನಾನು. ಕರ್ನಾಟಕದಲ್ಲಿ ಅದನ್ನು ನಿಷೇಧಿಸುವ ಕಾನೂನು ಆದದ್ದು 1982ರಲ್ಲಿ. ಬಿಡುತ್ತಿದ್ದುದು ಯಾವ ಕೇರಿಯ ಹುಡುಗಿಯರನ್ನು ಎಂಬುದು ಎಲ್ಲರಿಗೂ ಗೊತ್ತು. ಹೆಣ್ಣು ಎಂಬ ಒಂದೇ ಪದರದಲ್ಲಿ ಈ ಕಥೆಗಳನ್ನು ಓದಿದರೆ ಅರ್ಧವೂ ಸಿಗುವುದಿಲ್ಲ.

ಕಾವೇರಿತೀರ

ನಿಮ್ಮ ತಕರಾರು ಸರಿ, ಪೂರ್ತಿ ಒಪ್ಪುತ್ತೇನೆ. ‘ಕಿಂಡ್ರೆಡ್’ನ ಕೆವಿನ್ ಬಗ್ಗೆ ಇನ್ನಷ್ಟು ಬರೆಯಿರಿ. ಅವನು ಅಲ್ಲಿ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡು ಬರುವಾಗ ಮಾತಿನ ಧಾಟಿಯೇ ಬದಲಾಗಿರುತ್ತದೆ, ಅದು ನನ್ನನ್ನು ತುಂಬ ಕಲಕಿತು.

ಆಸ್ಟಿನ್ ಕನ್ನಡತಿ

ನಾನಿರುವ ಊರಲ್ಲೇ 2017ರ ಮಾರ್ಚ್‌ನಲ್ಲಿ ಟೆಕ್ಸಸ್ ಸೆನೆಟ್ ಗ್ಯಾಲರಿಯಲ್ಲಿ ಹೆಂಗಸರು ಕೆಂಪು ನಿಲುವಂಗಿ, ಬಿಳಿ ಟೋಪಿ ಹಾಕಿಕೊಂಡು ಮಾತಿಲ್ಲದೆ ಕೂತಿದ್ದರು. ಆಮೇಲೆ ಅರ್ಜೆಂಟೀನಾ, ಐರ್ಲೆಂಡ್, ಪೋಲೆಂಡ್ ಕಡೆಯೂ ಅದೇ ಉಡುಪು ಬೀದಿಗೆ ಬಂತು.

2021ರಲ್ಲಿ ಇಲ್ಲಿ ಬಂದ ಕಾನೂನಿನ ರಚನೆಯನ್ನು ಕಾದಂಬರಿಕಾರರು ಕೂಡ ಯೋಚಿಸಿರಲಿಲ್ಲ ಅನ್ನಿಸುತ್ತದೆ. ಸುಮಾರು ಆರು ವಾರ ದಾಟಿದ ಗರ್ಭಪಾತಕ್ಕೆ ನೆರವಾದ ಯಾರ ಮೇಲಾದರೂ, ಯಾವ ಸಾಮಾನ್ಯ ಮನುಷ್ಯನಾದರೂ ದಾವೆ ಹೂಡಬಹುದು. ಗೆದ್ದರೆ ಕಡಿಮೆಯೆಂದರೂ 10,000 ಡಾಲರ್. ಗಿಲಿಯಡ್‌ನಲ್ಲಿ ಬೇಹುಗಾರರ ದಳಕ್ಕೆ ‘ಕಣ್ಣುಗಳು’ ಎಂದು ಹೆಸರು. ಇಲ್ಲಿ ದಳವೇ ಬೇಕಾಗಲಿಲ್ಲ, ಪಕ್ಕದ ಮನೆಯವರೇ ಸಾಕು. 2022ರ ಜೂನ್ 24ಕ್ಕೆ ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತವನ್ನು ಹಕ್ಕು ಎಂದಿದ್ದ 1973ರ ತೀರ್ಪನ್ನು ತಳ್ಳಿಹಾಕಿದ ಮೇಲೆ ಗೆಳತಿಯರೆಲ್ಲ ಮುಟ್ಟಿನ ದಿನ ಲೆಕ್ಕ ಇಡುವ ಆ್ಯಪ್‌ಗಳನ್ನು ಫೋನಿನಿಂದ ತೆಗೆದೆವು.

ಸಕ್ಕರೆ ನಾಡು

ಮಂಜುಳಾ ಪದ್ಮನಾಭನ್ ಅವರ ‘ಎಸ್ಕೇಪ್’ ಯಾರೂ ಹೇಳಿಲ್ಲ. 2008ರದು. ಹೆಸರಿಲ್ಲದ ಒಂದು ದೇಶ, ಜನರಲ್‌ಗಳ ಆಳ್ವಿಕೆ, ಹೆಣ್ಣುಗಳನ್ನು ಪೂರ್ತಿ ನಿರ್ನಾಮ ಮಾಡಿಬಿಟ್ಟಿದ್ದಾರೆ. ಒಂದೇ ಒಂದು ಹುಡುಗಿ, ಮೇಯ್ಜಿ, ಮೂವರು ಚಿಕ್ಕಪ್ಪ ದೊಡ್ಡಪ್ಪಂದಿರ ಎಸ್ಟೇಟಿನಲ್ಲಿ ಅಡಗಿ ಬೆಳೆಯುತ್ತಾಳೆ. ತಾನು ಹೆಣ್ಣು ಎಂಬುದೇ ಅವಳಿಗೆ ಗೊತ್ತಿಲ್ಲ. ಮೈ ಬೆಳೆಯದಂತೆ ಔಷಧ ಕೊಟ್ಟಿರುತ್ತಾರೆ. ಮೂವರಿಗೂ ಅವಳೆಂದರೆ ಪ್ರಾಣ. ಕಾವೇರಿತೀರ ಮೇಡಂ ಕೇಳಿದ ಪ್ರಶ್ನೆಗೆ ಈ ಪುಸ್ತಕ ಇನ್ನೂ ಇಕ್ಕಟ್ಟಿನ ಜಾಗದಿಂದ ಉತ್ತರ ಹುಡುಕುತ್ತೆ: ಕಾಪಾಡುವವರು ಒಳ್ಳೆಯವರೇ ಆದರೂ, ಅವಳ ಮೈ ಬಗ್ಗೆ ಅವಳಿಗೇ ಹೇಳದೆ ಎಲ್ಲ ತೀರ್ಮಾನ ಮಾಡಿದರೆ ಅದು ಏನು?

ಇದನ್ನು ಓದುವಾಗ ನಮ್ಮ ಮಂಡ್ಯದ ಸುದ್ದಿ ಕಣ್ಮುಂದೆ ಬಂತು. 2023ರ ನವೆಂಬರ್‌ನಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಭ್ರೂಣಹತ್ಯೆ ಜಾಲದಲ್ಲಿ ಸ್ಕ್ಯಾನಿಂಗ್ ನಡೀತಿದ್ದುದು ಕಬ್ಬಿನ ಗದ್ದೆ ನಡುವಿನ ಆಲೆಮನೆಯಲ್ಲಿ. ಬೆಲ್ಲ ಕಾಯಿಸೋ ಜಾಗದಲ್ಲಿ. 1994ರಿಂದ ಕಾನೂನು ಇದೆ. 2011ರ ಜನಗಣತಿಯಲ್ಲಿ ದೇಶದಲ್ಲಿ ಆರು ವರ್ಷದೊಳಗಿನ 1,000 ಗಂಡುಮಕ್ಕಳಿಗೆ 919 ಹೆಣ್ಣುಮಕ್ಕಳು. ಜನರಲ್‌ಗಳು ಯಾಕೆ ಬೇಕು? ಅತ್ತೆ, ಗಂಡ, ಒಬ್ಬ ಏಜೆಂಟ್, ಒಂದು ಮಷೀನು, ಇಷ್ಟೇ ಸಾಕಾಯ್ತು.

ಧಾರವಾಡದ ಓದುಗ

ಆಲೆಮನಿ ವಿಷಯ ಓದಿ ಎದಿ ಒಡದಂಗಾತು.

ನಿವೃತ್ತ ಮೇಷ್ಟ್ರು

ಈ ಬಗೆಯ ಬರವಣಿಗೆಯ ವಂಶಾವಳಿಯಲ್ಲಿ ಎರಡು ಹೆಸರು ಬಿಟ್ಟುಹೋಗಬಾರದು.

ಕ್ಯಾಥರೀನ್ ಬರ್ಡೆಕಿನ್ 1937ರಲ್ಲಿ, ಯುದ್ಧ ಶುರುವಾಗುವುದಕ್ಕೂ ಮೊದಲು, ಗಂಡಸಿನ ಹೆಸರಿಟ್ಟುಕೊಂಡು ‘ಸ್ವಸ್ತಿಕ ನೈಟ್’ ಬರೆದರು. ನಾಜಿಗಳು ಗೆದ್ದು ಏಳುನೂರು ವರ್ಷವಾದ ಮೇಲಿನ ಜಗತ್ತು. ಹಿಟ್ಲರ್ ದೇವರಾಗಿದ್ದಾನೆ, ಹೆಂಗಸರನ್ನು ತಲೆ ಬೋಳಿಸಿ ಬೇಲಿಯೊಳಗೆ ಕೂಡಿಹಾಕಿದ್ದಾರೆ, ಗಂಡುಮಕ್ಕಳನ್ನು ಒಂದೂವರೆ ವರ್ಷಕ್ಕೇ ತಾಯಿಯಿಂದ ಕಿತ್ತುಕೊಳ್ಳುತ್ತಾರೆ. ಆರ್ವೆಲ್‌ರ ‘1984’ ಬಂದದ್ದು ಇದಾದ 12 ವರ್ಷಕ್ಕೆ. ಆರ್ವೆಲ್ ದೊಡ್ಡ ಲೇಖಕರು, ನಿಜ. ಆದರೆ ಜೂಲಿಯಾಳಿಗೆ ಮೈ ಇದೆ, ಧೈರ್ಯ ಇದೆ, ವಿಚಾರ ಕೊಡಲಿಲ್ಲ. ವಿನ್‌ಸ್ಟನ್ ಓದುವ ನಿಷಿದ್ಧ ಪುಸ್ತಕ ಕೇಳುತ್ತಾ ಅವಳು ನಿದ್ದೆ ಹೋಗುತ್ತಾಳೆ. ಸರ್ವಾಧಿಕಾರ ಗಂಡಸುತನದ ಮೇಲೇ ನಿಂತಿದೆ ಎಂದು ಬರ್ಡೆಕಿನ್ ಕಂಡದ್ದು ಅವರ ಕಣ್ಣಿಗೆ ಬೀಳಲಿಲ್ಲ.

ಇನ್ನೊಬ್ಬರು ನಮ್ಮ ಉಪಖಂಡದವರೇ. ಬೇಗಂ ರುಕಿಯಾ ಸಖಾವತ್ ಹುಸೇನ್. ಅವರ ‘ಸುಲ್ತಾನಾಸ್ ಡ್ರೀಮ್’ 1905ರಲ್ಲಿ ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ ಬಂತು. ಅಲ್ಲಿ ಗಂಡಸರು ಅಂತಃಪುರದಲ್ಲಿದ್ದಾರೆ, ಹೆಂಗಸರು ಸೂರ್ಯನ ಶಾಖ ಹಿಡಿದು ಯುದ್ಧ ಗೆದ್ದಿದ್ದಾರೆ, ರಸ್ತೆಯಲ್ಲಿ ನಿರ್ಭಯವಾಗಿ ನಡೆಯುತ್ತಾರೆ. ಇದು ಡಿಸ್ಟೋಪಿಯಾ ಅಲ್ಲ, ಕನಸು. ಆದರೆ ಬರೆದವರು ಪರದೆಯೊಳಗೆ ಬೆಳೆದವರು, ಕನ್ನಡಿ ತಿರುಗಿಸಿ ಹಿಡಿದು ಆ ಪರದೆಯನ್ನೇ ತೋರಿಸಿದರು.

ಲ್ಯೂಕ್ ಬಗ್ಗೆ ಕೇಳಿದಿರಲ್ಲ. ರುಕಿಯಾ ಅವರ ಗಂಡ ಸಖಾವತ್ ಹುಸೇನ್ ಸರ್ಕಾರಿ ಅಧಿಕಾರಿ, ಹೆಂಡತಿಗಿಂತ ಬಹಳ ದೊಡ್ಡವರು. ಅವರು ಪ್ರವಾಸ ಹೋಗಿದ್ದಾಗ ರುಕಿಯಾ ಹೊತ್ತು ಕಳೆಯಲು ಇದನ್ನು ಇಂಗ್ಲಿಷಿನಲ್ಲಿ ಬರೆದರು. ಬಂದವರು ನಿಂತಲ್ಲೇ ಓದಿ ಮುಗಿಸಿ ‘ಭಯಂಕರ ಸೇಡು!’ ಎಂದರಂತೆ, ಮೆಚ್ಚಿ. ಹೆಣ್ಣುಮಕ್ಕಳ ಶಾಲೆಗೆಂದು 10,000 ರೂಪಾಯಿ ತೆಗೆದಿಟ್ಟರು. ಅವರು 1909ರಲ್ಲಿ ತೀರಿಕೊಂಡ ಮೇಲೆ ಆ ಹಣದಿಂದಲೇ ರುಕಿಯಾ ಶಾಲೆ ತೆರೆದರು, 1911ರಲ್ಲಿ ಅದನ್ನು ಕಲ್ಕತ್ತೆಯಲ್ಲಿ ನೆಲೆಗೊಳಿಸಿದರು. ನಿನ್ನನ್ನು ನೋಡಿಕೊಳ್ಳುತ್ತೇನೆ ಎಂದು ಹೇಳುವ ಬದಲು ದುಡ್ಡನ್ನು ಅವಳ ಕೈಗೆ ಕೊಟ್ಟ ಗಂಡ.

ಕೌಂಟರ್ ಆಚೆ

ಮೇಷ್ಟ್ರೇ, ಇದು ನನಗೆ ಗೊತ್ತಿರಲಿಲ್ಲ. ನಮಸ್ಕಾರ.

ಧಾರವಾಡದ ಓದುಗ

ಲ್ಯೂಕ್‌ನ ಪರ ನಾ ಇನ್ನೂ ಇದ್ದೀನಿ. ಅಂವ ದುಷ್ಟ ಅಲ್ಲ. ಆದ್ರ ಆ ದಿನ ಸಂಜೀಕ ಅಂವ ಏನ್ ಮಾಡಬಹುದಿತ್ತು ಅಂತ ನಾ ಕೇಳಿದ್ದಕ್ಕ ಮೇಷ್ಟ್ರು ಕೊಟ್ಟ ಉತ್ತರ ಗಟ್ಟಿ ಅದ.

ಹೊಸ ಓದುಗಿ

ಎಲ್ಲರಿಗೂ ಥ್ಯಾಂಕ್ಸ್. ನಾನು ಬಿ.ಎ. ಎರಡನೇ ವರ್ಷ. ಪುಸ್ತಕ ಓದಿದೆ, ಆದರೆ ಕೊನೆಯಲ್ಲಿ ಪ್ರೊಫೆಸರ್ ಭಾಷಣ ಬರುತ್ತಲ್ಲ, ಅದು ಬೋರ್ ಆಗಿ ಬಿಟ್ಟುಬಿಟ್ಟೆ. ಓದಲೇಬೇಕಾ? ಸೀದಾ 2019ರ ‘ದಿ ಟೆಸ್ಟಮೆಂಟ್ಸ್’ಗೆ ಹೋಗಬಹುದಾ?

ಕಾವೇರಿತೀರ

ಓದಮ್ಮ, ದಯವಿಟ್ಟು ಓದು. ‘ದಿ ಟೆಸ್ಟಮೆಂಟ್ಸ್’ ಓಡುತ್ತದೆ, ಅದರಲ್ಲಿ ಆಂಟ್ ಲಿಡಿಯಾಳೇ ತನ್ನ ಕಥೆ ಹೇಳುತ್ತಾಳೆ, ನೇತ್ರಾವತಿಯವರ ಮಾತಿಗೆ ಅಲ್ಲಿ ಬೇಕಾದಷ್ಟು ಸಾಮಗ್ರಿ ಇದೆ. ಆದರೆ ಮೊದಲನೆಯ ಪುಸ್ತಕದ ಆ ಕೊನೆಯ ಭಾಗ ಬಿಟ್ಟರೆ ಪುಸ್ತಕವನ್ನೇ ಅರ್ಧಕ್ಕೆ ಬಿಟ್ಟ ಹಾಗೆ.

ಅದು 2195ನೆಯ ಇಸವಿ. ಗಿಲಿಯಡ್ ಬಿದ್ದು ಎಷ್ಟೋ ಕಾಲವಾಗಿದೆ. ಇತಿಹಾಸಕಾರರ ಸಮ್ಮೇಳನ. ಪ್ರೊಫೆಸರ್ ಪಿಯೆಕ್ಸೋಟೋ ಎದ್ದು ನಿಂತು, ಅವಳ ಕಥೆ ಕ್ಯಾಸೆಟ್‌ಗಳಲ್ಲಿ ಸಿಕ್ಕಿತು, ನಾವೇ ಊಹಿಸಿ ಕ್ರಮವಾಗಿ ಜೋಡಿಸಿದೆವು ಎನ್ನುತ್ತಾನೆ. ನಾವು ಇಲ್ಲಿಯತನಕ ಅವಳ ದನಿ ಅಂತ ಓದಿದ್ದು ಇವನು ಜೋಡಿಸಿದ್ದು. ಅವಳ ಬಗ್ಗೆ ಅಗ್ಗದ ತಮಾಷೆ ಮಾಡುತ್ತಾನೆ, ಸಭೆ ನಗುತ್ತದೆ. ಗಿಲಿಯಡ್ ಬಗ್ಗೆ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ ಅನ್ನುತ್ತಾನೆ. ಅವಳ ನಿಜವಾದ ಹೆಸರು ಯಾರಿಗೂ ಸಿಗುವುದಿಲ್ಲ. ಅವನು ಬಹಳ ಹೊತ್ತು ಹುಡುಕುವುದು ಕಮಾಂಡರ್ ಯಾರಿದ್ದಿರಬಹುದು ಎಂಬುದನ್ನು. ಅವಳು ಬೇರೆ ಥರದವಳಾಗಿದ್ದರೆ ಗಿಲಿಯಡ್ ಸಾಮ್ರಾಜ್ಯ ಹೇಗೆ ನಡೆಯುತ್ತಿತ್ತು ಅಂತ ಎಷ್ಟೊಂದು ತಿಳಿಸಬಹುದಿತ್ತು ಎಂದು ಕೊರಗುತ್ತಾನೆ. ಕಮಾಂಡರನ ಸ್ವಂತ ಕಂಪ್ಯೂಟರಿನಿಂದ ಇಪ್ಪತ್ತು ಪುಟ ಸಿಕ್ಕಿದ್ದರೂ ಏನು ಬೇಕಾದರೂ ಕೊಡುತ್ತಿದ್ದೆವು ಎನ್ನುತ್ತಾನೆ.

ಮುನ್ನೂರು ಪುಟ ಅವಳು ಮಾತಾಡಿದ್ದಾಳೆ. ಅವನಿಗೆ ಬೇಕಾದದ್ದು ಕಮಾಂಡರನ ಇಪ್ಪತ್ತು. ಇಷ್ಟಾಗಿ ಅವನೂ ಲ್ಯೂಕ್ ಥರ ಸಭ್ಯ ಮನುಷ್ಯನೇ. ಓದಿ ಬಾ, ಆಮೇಲೆ ಮಾತಾಡೋಣ.